ಅಮಲಿನ ರೋಗಕ್ಕೆ ಮನೆಯಲ್ಲಿದ್ದೇ ಚಿಕಿತ್ಸೆ

ಕೆಲವು ವರ್ಷಗಳ ಹಿಂದಿನ ಮಾತು. ರಮಝಾನಿನ ಚಂದ್ರದರ್ಶನವಾದ ರಾತ್ರಿ ನಮ್ಮ ಬಿಳಿಚೋಡಿನ ಮಸೀದಿಯಲ್ಲಿ ತರಾವೀಹ್ ನಮಾಝಿಗೆ ನಿಂತಿದ್ದೆವು. ವರ್ಷಗಟ್ಟಲೆ ಮಸೀದಿಯ ಕಡೆ ಮುಖ ಹಾಕದಿದ್ದ ಓರ್ವ ಸಹೋದರರು ಬಂದು ಕೊನೆಯ ಸಾಲಿನಲ್ಲಿ ನಿಂತರು. ನಮಾಝಿನ ಬಳಿಕ ಎಲ್ಲರೆದುರು, ಇಂದಿನಿಂದ ನಾನು ಕುಡಿತ ಬಿಟ್ಟೆ ಎಂದು ಕಣ್ಣೀರು ಹಾಕಿದರು. ನಾವೆಲ್ಲ ಅವರನ್ನು ಅಪ್ಪಿಕೊಂಡೆವು. ಮೊದಲನೆಯ ರೋಝಾ ಹೇಗೋ ಕಳೆಯಿತು. ಕೈ ನಡುಗುತ್ತಿತ್ತು, ಮೈಯೆಲ್ಲ ಬೆವರುತ್ತಿತ್ತು, ರಾತ್ರಿ ಕಣ್ಣಿಗೆ ನಿದ್ದೆ ಹತ್ತಲಿಲ್ಲ. ಎರಡನೆಯ ದಿನ ಅಸರ್ ಹೊತ್ತಿಗೆ ಅಂಗಳದಲ್ಲೇ ಬಿದ್ದರು. ಕೈಕಾಲು ಸೆಟೆದು ಬಾಯಲ್ಲಿ ನೊರೆ ಬಂತು. ಮೂರನೆಯ ರಾತ್ರಿ ಗೋಡೆಯ ಮೇಲೆ ಇರುವೆಗಳು ಹರಿಯುತ್ತಿವೆ ಎಂದು ಕೂಗತೊಡಗಿದರು. ಹೆತ್ತ ಮಗನನ್ನೇ ಅವರು ಗುರುತಿಸಲಿಲ್ಲ.

ಜಿನ್ನಿನ ಬಾಧೆ ಎಂದರು ನೆರೆಯವರು. ಮದರಸಾದಲ್ಲಿ ಓದಿದವನೆಂದು ನನ್ನನ್ನು ಕರೆಸಿದರು. ನಾನು ಹೋಗಿ ಆಯತುಲ್ ಕುರ್ಸಿ ಓದಿ ಊದಿದೆ, ನೀರು ಓದಿ ಕೊಟ್ಟೆ, ಮನೆಯವರಿಗೆ ಸಮಾಧಾನ ಹೇಳಿದೆ. ಆಸ್ಪತ್ರೆ ಎಂಬ ಒಂದು ಮಾತು ಮಾತ್ರ ನನ್ನ ಬಾಯಿಂದ ಬರಲಿಲ್ಲ. ಸಹರಿಯ ಹೊತ್ತಿಗೆ ಅವರ ಮಗಳು, ಪಿಯುಸಿ ಓದುತ್ತಿದ್ದ ಹುಡುಗಿ, ಯಾರನ್ನೂ ಕೇಳದೆ ಮೆಕ್ಕೆಜೋಳದ ಲೋಡಿಗೆ ಬಂದಿದ್ದ ಗಾಡಿಯವರನ್ನು ಎಬ್ಬಿಸಿ ತಂದೆಯನ್ನು ದಾವಣಗೆರೆಗೆ ಕರೆದುಕೊಂಡು ಹೋದಳು. ಅಲ್ಲಿ ವೈದ್ಯರು ಮೊದಲು ಕೇಳಿದ ಪ್ರಶ್ನೆ: "ದಿನಾ ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೇ?" ಹೌದೆಂದಾಗ ಅವರು, ಇನ್ನೊಂದು ರಾತ್ರಿ ಮನೆಯಲ್ಲಿಟ್ಟುಕೊಂಡಿದ್ದರೆ ಜೀವಕ್ಕೇ ಅಪಾಯವಿತ್ತು ಎಂದರು. ಅಲ್ಲಾಹನ ಕೃಪೆಯಿಂದ ಆ ಸಹೋದರರು ಉಳಿದರು. ಅವರ ಒಪ್ಪಿಗೆ ಪಡೆದೇ, ಗುರುತು ಸಿಗದಂತೆ, ಇದನ್ನು ಬರೆಯುತ್ತಿದ್ದೇನೆ.

ಆ ರಾತ್ರಿ ನಾನು ಓದಿದ್ದು ತಪ್ಪಲ್ಲ. ಓದಿ ಸುಮ್ಮನಾದದ್ದು ತಪ್ಪು. ಈ ತಪ್ಪು ನಮ್ಮ ಅನೇಕ ಮನೆಗಳಲ್ಲಿ ನಡೆಯುತ್ತಿದೆ. ಪಾಪವೆಂದು ತಿಳಿದದ್ದು ರೋಗವೂ ಆಗಿರಬಹುದೆಂದು ನಮಗೆ ಹೊಳೆಯುವುದಿಲ್ಲ. ಹೊಳೆದರೂ, ರೋಗವೆಂದರೆ ದೂರದ ಊರಿನ ಯಾವುದೋ ಕೇಂದ್ರದಲ್ಲಿ ತಿಂಗಳುಗಟ್ಟಲೆ ಕೂಡಿಹಾಕುವುದು ಎಂದು ಭಾವಿಸುತ್ತೇವೆ. ಖರ್ಚಿಗೆ ಹೆದರಿ, ಮಾನಕ್ಕೆ ಹೆದರಿ ಬಾಗಿಲು ಮುಚ್ಚಿಕೊಳ್ಳುತ್ತೇವೆ. ಆದರೆ ಹೆಚ್ಚಿನ ಜನರಿಗೆ ಕೂಡಿಹಾಕುವ ಅಗತ್ಯವೇ ಇಲ್ಲ. ಮನೆಯಲ್ಲಿದ್ದು, ಸಾಧ್ಯವಾದರೆ ಕೆಲಸಕ್ಕೂ ಹೋಗುತ್ತಾ, ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಆಸ್ಪತ್ರೆಗೆ ಹೋಗಿ ಬಂದು ಗುಣ ಹೊಂದಬಹುದಾದ ದಾರಿಯಿದೆ. ಇದನ್ನು ಹೊರರೋಗಿ ಚಿಕಿತ್ಸೆ ಎನ್ನುತ್ತಾರೆ.

ರೋಗವೆಂದು ಗುರುತಿಸುವುದು ಹೇಗೆ?

ಕನ್ನಡದ ವಿದ್ಯಾರ್ಥಿಯಾಗಿದ್ದ ನನಗೆ ಒಂದು ಮಾತು ಯಾವಾಗಲೂ ಸೋಜಿಗವೆನಿಸುತ್ತದೆ. ನಮ್ಮ ಭಾಷೆಯಲ್ಲಿ ವ್ಯಸನವೆಂದರೆ ದುಶ್ಚಟವೂ ಹೌದು, ದುಃಖವೂ ಹೌದು. ಹಿಂದಿನವರು ಸಪ್ತವ್ಯಸನಗಳೆಂದು ದುಶ್ಚಟಗಳನ್ನು ಎಣಿಸಿದರು. ಸಾವಿನ ಮನೆಯಲ್ಲಿ ವ್ಯಸನಪಡಬೇಡಿ ಎಂದೂ ಹೇಳಿದರು. ಅಮಲಿಗೆ ಬಿದ್ದವನ ಸ್ಥಿತಿಯಲ್ಲಿ ಈ ಎರಡೂ ಅರ್ಥಗಳು ಒಟ್ಟಿಗೆ ಇರುತ್ತವೆ.

ಕುಡಿಯುವವರೆಲ್ಲ ರೋಗಿಗಳಲ್ಲ. ಧರ್ಮದ ದೃಷ್ಟಿಯಲ್ಲಿ ಒಂದು ತೊಟ್ಟೂ ಹರಾಮ್ ಎಂಬುದರಲ್ಲಿ ಎರಡು ಮಾತಿಲ್ಲ. ಹೆಚ್ಚು ಸೇವಿಸಿದರೆ ಅಮಲೇರಿಸುವ ವಸ್ತುವಿನ ಸ್ವಲ್ಪವೂ ನಿಷಿದ್ಧವೆಂದು ಪ್ರವಾದಿ(ಸ)ರವರು ಸ್ಪಷ್ಟವಾಗಿ ಕಲಿಸಿರುವರು. ಆದರೆ ವೈದ್ಯರ ಪ್ರಶ್ನೆ ಬೇರೆ. ಈ ವ್ಯಕ್ತಿ ತಾನಾಗಿ ಬಿಡಬಲ್ಲನೇ, ಅಥವಾ ವಸ್ತುವೇ ಅವನನ್ನು ಹಿಡಿದಿದೆಯೇ ಎಂಬುದು ಅವರ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಎಂಬ ರೋಗಪಟ್ಟಿಯಲ್ಲಿ, ನಮ್ಮ ವೈದ್ಯರು ಬಹುಕಾಲ ಅನುಸರಿಸಿಕೊಂಡು ಬಂದಂತೆ, ಅವಲಂಬನೆಯ ಆರು ಲಕ್ಷಣಗಳಿವೆ. ಒಂದು ವರ್ಷದ ಅವಧಿಯಲ್ಲಿ ಅವುಗಳಲ್ಲಿ ಮೂರು ಒಟ್ಟಿಗೆ ಕಂಡುಬಂದರೆ ಸಾಕು, ಅದು ರೋಗ.

ಮನೆಯ ಭಾಷೆಯಲ್ಲಿ ಹೇಳುವುದಾದರೆ ಅವು ಹೀಗೆ ಕಾಣುತ್ತವೆ. ಸಂಜೆಯಾಗುತ್ತಲೇ ಮನಸ್ಸು ಅತ್ತ ಎಳೆಯುತ್ತದೆ, ಮಾತಾಡುತ್ತಿದ್ದವನು ಮಧ್ಯದಲ್ಲೇ ಎದ್ದು ಹೋಗುತ್ತಾನೆ. ಒಂದೇ ತೊಂಬತ್ತು ಎಂದು ಕುಳಿತವನು ಎರಡು ಕ್ವಾರ್ಟರ್ ಮುಗಿಸಿ ಏಳುತ್ತಾನೆ. ಇಷ್ಟೇ ಸಾಕೆಂದು ನಿಲ್ಲಿಸುವ ಹಿಡಿತ ಕೈತಪ್ಪಿರುತ್ತದೆ. ಮೊದಲು ಸ್ವಲ್ಪಕ್ಕೇ ಏರುತ್ತಿದ್ದ ಅಮಲಿಗೆ ಈಗ ಅದರ ಎರಡರಷ್ಟು ಬೇಕು. ಅನೇಕ ಹೆಂಡತಿಯರು, ನಮ್ಮವರು ಎಷ್ಟು ಕುಡಿದರೂ ತೂರಾಡುವುದಿಲ್ಲ ಎಂದು ಇದನ್ನು ಸಮಾಧಾನದ ಮಾತಾಗಿ ಹೇಳುತ್ತಾರೆ. ವಸ್ತುತಃ ಅದು ಸಮಾಧಾನದ ಮಾತಲ್ಲ. 180 ಮಿಲಿಲೀಟರಿನ ಒಂದು ಕ್ವಾರ್ಟರ್ ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಶುದ್ಧ ಮದ್ಯಸಾರವಿರುತ್ತದೆ. ಅದನ್ನು ಕುಡಿದೂ ನೆಟ್ಟಗೆ ನಡೆಯುವವನ ದೇಹ ಆ ವಿಷಕ್ಕೆ ಒಗ್ಗಿಹೋಗಿದೆ ಎಂದೇ ಅರ್ಥ.

ಬಿಟ್ಟಾಗ ಬರುವ ನಡುಕ, ಬೆವರು, ವಾಕರಿಕೆ, ನಿದ್ರಾಹೀನತೆ ಇನ್ನೊಂದು ಲಕ್ಷಣ. ಬೆಳಿಗ್ಗೆ ಚಹಾ ಲೋಟ ಹಿಡಿಯಲು ಕೈ ನಡುಗಿ, ಒಂದು ಗುಟುಕು ಒಳಗೆ ಹೋದ ಮೇಲೆ ನಡುಕ ನಿಂತರೆ ಬೇರೆ ಪರೀಕ್ಷೆಯೇ ಬೇಡ. ಉಳಿದೆರಡು ಲಕ್ಷಣಗಳು ಬದುಕಿಗೆ ಸೇರಿದವು. ಹೊಲ, ಅಂಗಡಿ, ಮಕ್ಕಳು, ನಮಾಝ್ ಎಲ್ಲವೂ ಹಿಂದೆ ಸರಿದು ಅದೊಂದೇ ಮುಂದೆ ನಿಲ್ಲುತ್ತದೆ. ಯಕೃತ್ತು ಕೆಟ್ಟಿದೆ, ಮನೆ ಒಡೆಯುತ್ತಿದೆ ಎಂದು ಕಣ್ಣಾರೆ ಕಂಡರೂ ನಿಲ್ಲಿಸಲಾಗುವುದಿಲ್ಲ.

ಇದು ಮದ್ಯಕ್ಕೆ ಮಾತ್ರ ಅನ್ವಯಿಸುವ ಅಳತೆಯಲ್ಲ. ಗಾಂಜಾ, ನೋವಿನ ಮಾತ್ರೆ, ನಿದ್ದೆಮಾತ್ರೆ, ಕೆಮ್ಮಿನ ಔಷಧಿ, ಮಕ್ಕಳು ಬಟ್ಟೆಗೆ ಹಾಕಿ ಮೂಸುವ ವೈಟ್ನರ್, ಎಲ್ಲಕ್ಕೂ ಇದೇ ಅಳತೆ. ಹುಡುಗರ ವಿಷಯದಲ್ಲಿ ತಾಯಂದಿರು ಇನ್ನೂ ಕೆಲವನ್ನು ಗಮನಿಸಬೇಕು. ಹಳೆಯ ಗೆಳೆಯರನ್ನು ಬಿಟ್ಟು ಹೊಸಬರ ಸಹವಾಸ, ಕೆಂಪು ಕಣ್ಣು, ಮನೆಯಲ್ಲಿ ಸಣ್ಣಪುಟ್ಟ ಹಣ ಕಾಣೆಯಾಗುವುದು, ಸ್ನಾನದ ಮನೆಯಲ್ಲಿ ಗಂಟೆಗಟ್ಟಲೆ ಇರುವುದು, ಜೇಬಿನಲ್ಲಿ ಮಾತ್ರೆಯ ಖಾಲಿ ಹಾಳೆ. ಇವುಗಳಲ್ಲಿ ಒಂದನ್ನು ಕಂಡ ಮಾತ್ರಕ್ಕೆ ಮಗನನ್ನು ಕಳ್ಳನನ್ನು ಹಿಡಿದಂತೆ ಹಿಡಿಯಬೇಡಿರಿ. ಕೆಂಪು ಕಣ್ಣು ಮೊಬೈಲಿನಿಂದಲೂ ಬರುತ್ತದೆ.

ಶಾಪ ಹಾಕಬೇಡಿರಿ ಎಂದ ಪ್ರವಾದಿ(ಸ)

ಮದೀನಾದಲ್ಲಿ ಅಬ್ದುಲ್ಲಾ ಎಂಬ ಓರ್ವ ಸಹಾಬಿ ಇದ್ದರು. ಪ್ರವಾದಿ(ಸ)ರವರನ್ನು ನಗಿಸುತ್ತಿದ್ದ ತಮಾಷೆಯ ಮನುಷ್ಯ. ಅವರು ಮದ್ಯಪಾನದ ಅಪರಾಧಕ್ಕಾಗಿ ಶಿಕ್ಷೆಗೊಳಗಾಗಿದ್ದರು, ಮತ್ತೆ ಕುಡಿದು ಸಿಕ್ಕಿಬೀಳುತ್ತಿದ್ದರು. ಹೀಗೆ ಒಮ್ಮೆ ಅವರನ್ನು ಕರೆತಂದಾಗ ಅಲ್ಲಿದ್ದ ಓರ್ವರು, ಎಷ್ಟು ಸಲ ಇವನನ್ನು ತರುವುದು ಎಂದು ಶಪಿಸಿದರು. ಪ್ರವಾದಿ(ಸ)ರವರು ಅವರನ್ನು ತಡೆದು, ಶಪಿಸಬೇಡಿರಿ, ಈತ ಅಲ್ಲಾಹನನ್ನೂ ಅವನ ಸಂದೇಶವಾಹಕರನ್ನೂ ಪ್ರೀತಿಸುತ್ತಾನೆಂದು ನಾನು ಬಲ್ಲೆ ಎಂಬ ಅರ್ಥದ ಮಾತನ್ನು ಹೇಳಿದರು. ಬುಖಾರಿಯಲ್ಲಿ ಬಂದಿರುವ ಘಟನೆಯಿದು. ಶಿಕ್ಷೆಯೂ ಇತ್ತು, ಕೃತ್ಯ ಹರಾಮ್ ಎಂಬುದೂ ಬದಲಾಗಲಿಲ್ಲ; ಆದರೆ ಮತ್ತೆ ಮತ್ತೆ ಬೀಳುವ ಮನುಷ್ಯನ ಹೃದಯದಲ್ಲಿ ವಿಶ್ವಾಸವಿರಬಲ್ಲದು ಎಂಬುದಕ್ಕೆ ಸ್ವತಃ ಪ್ರವಾದಿ(ಸ)ರವರೇ ಸಾಕ್ಷಿ ನುಡಿದರು.

ಹ. ಉಮರ್(ರ)ರವರ ಕಾಲದಲ್ಲಿ ಶಾಮ್ ದೇಶದ ಓರ್ವ ವ್ಯಕ್ತಿ ಕುಡಿತಕ್ಕೆ ಬಿದ್ದ ಸುದ್ದಿ ತಲುಪಿದಾಗ, ಅವರು ಅಲ್ಲಾಹನು ಪಾಪವನ್ನು ಕ್ಷಮಿಸುವವನು, ಪಶ್ಚಾತ್ತಾಪವನ್ನು ಸ್ವೀಕರಿಸುವವನು ಎಂದು ಸಾರುವ ಕುರ್‌ಆನಿನ ಸೂಕ್ತವನ್ನು ಪತ್ರದಲ್ಲಿ ಬರೆದು ಕಳುಹಿಸಿದರು. ಓದಿ ಆ ವ್ಯಕ್ತಿ ಅತ್ತು ಬಿಟ್ಟುಬಿಟ್ಟರಂತೆ. ಜಾರಿದ ಸಹೋದರನ ವಿರುದ್ಧ ಶೈತಾನನಿಗೆ ಸಹಾಯಕರಾಗಬೇಡಿರಿ ಎಂದು ಹ. ಉಮರ್(ರ) ತಮ್ಮ ಸಂಗಡಿಗರಿಗೆ ಹೇಳಿದರು.

ಮದ್ಯದ ನಿಷೇಧವೂ ಒಂದೇ ಏಟಿಗೆ ಬರಲಿಲ್ಲ. ಮೊದಲು ಅದರ ಹಾನಿ ಲಾಭಕ್ಕಿಂತ ದೊಡ್ಡದೆಂದು ಅಲ್ ಬಕರದಲ್ಲಿ ತಿಳಿಸಲಾಯಿತು, ಬಳಿಕ ಅಮಲಿನಲ್ಲಿ ನಮಾಝನ್ನು ಸಮೀಪಿಸಬಾರದೆಂದು ಅನ್ನಿಸಾದಲ್ಲಿ ಆಜ್ಞೆಯಾಯಿತು, ಕೊನೆಗೆ ಅಲ್ ಮಾಇದದಲ್ಲಿ ಸಂಪೂರ್ಣ ನಿಷೇಧ ಬಂತು. ಇಂದು ನಮಗೆ ಆ ಕೊನೆಯ ಆಜ್ಞೆಯೇ ಅನ್ವಯಿಸುವುದು. ಸ್ವಲ್ಪ ಸ್ವಲ್ಪ ಕುಡಿಯಬಹುದೆಂದು ಇದರಿಂದ ಅರ್ಥ ತೆಗೆಯಬಾರದು. ಆದರೆ ಮನುಷ್ಯರನ್ನು ಅಮಲಿನಿಂದ ಬಿಡಿಸುವುದು ತಾಳ್ಮೆಯ ಕೆಲಸ ಎಂಬುದನ್ನು ಇದರಲ್ಲಿ ಕಾಣದಿರಲು ಸಾಧ್ಯವಿಲ್ಲ.

ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಕುಡಿದವನ ನಮಾಝ್ ನಲ್ವತ್ತು ದಿನ ಸ್ವೀಕೃತವಾಗದು ಎಂಬ ಹದೀಸನ್ನು ಕೇಳಿ ಅನೇಕರು ನಮಾಝನ್ನೇ ಬಿಟ್ಟುಬಿಡುತ್ತಾರೆ. ಪ್ರತಿಫಲ ತಪ್ಪುತ್ತದೆ, ಕಡ್ಡಾಯ ತಪ್ಪುವುದಿಲ್ಲ ಎಂದು ವಿದ್ವಾಂಸರು ವಿವರಿಸಿದ್ದಾರೆ. ಅದೇ ಹದೀಸಿನಲ್ಲಿ, ತೌಬಾ ಮಾಡಿದರೆ ಅಲ್ಲಾಹನು ಸ್ವೀಕರಿಸುವನು ಎಂದೂ ಇದೆ. ಅರ್ಧ ಹದೀಸನ್ನು ಹೇಳಿ ಜನರನ್ನು ಮಸೀದಿಯಿಂದ ಹೊರಗಿಡುವುದು ನಮ್ಮಂಥವರು ಮಾಡುವ ದೊಡ್ಡ ಅನ್ಯಾಯ.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ?

ಪ್ರತಿಯೊಂದು ರೋಗಕ್ಕೂ ಅಲ್ಲಾಹನು ಔಷಧವನ್ನು ಇಟ್ಟಿದ್ದಾನೆ, ಚಿಕಿತ್ಸೆ ಪಡೆಯಿರಿ ಎಂಬುದು ಪ್ರವಾದಿ(ಸ)ರವರ ಆದೇಶ. ಅಮಲಿನ ರೋಗಕ್ಕೂ ಅದು ಅನ್ವಯಿಸುತ್ತದೆ. ಹದಿನಾರನೆಯ ಶತಮಾನದಲ್ಲೇ ಶೀರಾಝಿನ ಹಕೀಮ್ ಇಮಾದುದ್ದೀನ್ ಮಹಮೂದ್ ಎಂಬವರು ಅಫೀಮಿನ ಕುರಿತು ಫಾರ್ಸಿಯಲ್ಲಿ ಪ್ರತ್ಯೇಕ ಗ್ರಂಥ ಬರೆದು, ಅದರ ಚಟವನ್ನು ಹಂತಹಂತವಾಗಿ ಇಳಿಸುವ ಬಗೆಯನ್ನು ವಿವರಿಸಿದ್ದರು.

ಮೊದಲ ಭೇಟಿಯಲ್ಲಿ ವೈದ್ಯರು ಉಪದೇಶ ಮಾಡುವುದಿಲ್ಲ, ಪ್ರಶ್ನೆ ಕೇಳುತ್ತಾರೆ. ಎಷ್ಟು, ಎಂದಿನಿಂದ, ಕೊನೆಯ ಸಲ ಯಾವಾಗ, ಹಿಂದೆ ಬಿಟ್ಟಾಗ ಏನಾಯಿತು. ರಕ್ತದೊತ್ತಡ ನೋಡುತ್ತಾರೆ, ಯಕೃತ್ತಿನ ರಕ್ತಪರೀಕ್ಷೆ ಮಾಡಿಸುತ್ತಾರೆ. ಇಲ್ಲಿ ಅವರು ಮುಖ್ಯವಾಗಿ ತೀರ್ಮಾನಿಸುವುದು ಒಂದನ್ನೇ: ಈ ರೋಗಿಯನ್ನು ಮನೆಗೆ ಕಳುಹಿಸಿ ಬಿಡಿಸಬಹುದೇ, ದಾಖಲು ಮಾಡಬೇಕೇ? ಹಿಂದೆ ಬಿಟ್ಟಾಗ ಫಿಟ್ಸ್ ಬಂದಿದ್ದವರು, ಭ್ರಮೆಯಾಗಿ ಇಲ್ಲದ್ದನ್ನು ಕಂಡವರು, ಹೃದಯದ ಅಥವಾ ಯಕೃತ್ತಿನ ಗಂಭೀರ ಕಾಯಿಲೆಯವರು, ಗರ್ಭಿಣಿಯರು, ಸಾಯುವ ಮಾತಾಡುವವರು, ಮನೆಯಲ್ಲಿ ನೋಡಿಕೊಳ್ಳುವವರಿಲ್ಲದವರು ದಾಖಲಾಗಲೇಬೇಕು. ಉಳಿದವರಿಗೆ ಮನೆಯೇ ಸಾಕು.

ಬಿಡುವಾಗಿನ ಅಪಾಯವನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ನನ್ನ ಅಜ್ಞಾನ ಇಲ್ಲಿಯೇ ಇತ್ತು. ದಿನವೂ ಮದ್ಯ ಬೀಳುವ ಮೆದುಳು ಅದರ ಮಂದತೆಯನ್ನು ಎದುರಿಸಲು ಸದಾ ಹುರಿಗೊಂಡಿರುತ್ತದೆ. ಮದ್ಯ ಒಮ್ಮೆಲೇ ನಿಂತಾಗ, ಎದುರಿನವನು ಹಗ್ಗ ಬಿಟ್ಟಾಗ ಹಗ್ಗಜಗ್ಗಾಟದವನು ಹಿಂದಕ್ಕೆ ಬೀಳುವಂತೆ, ಮೆದುಳು ಅಂಕೆ ತಪ್ಪುತ್ತದೆ. ಕೊನೆಯ ಕುಡಿತದ ಆರು ಗಂಟೆಗಳಿಂದ ನಡುಕ, ಎರಡು ದಿನಗಳೊಳಗೆ ಫಿಟ್ಸ್, ಎರಡನೆಯ ದಿನದಿಂದ ನಾಲ್ಕನೆಯ ದಿನದ ನಡುವೆ ಭ್ರಮೆ, ಜ್ವರ, ದಿಕ್ಕುಗೆಡುವುದು. ಎಲ್ಲರಿಗೂ ಹೀಗಾಗುವುದಿಲ್ಲ, ಆದವರಲ್ಲಿ ಚಿಕಿತ್ಸೆಯಿಲ್ಲದೆ ಸಾಯುವವರಿದ್ದಾರೆ. ಬಿಳಿಚೋಡಿನ ಆ ಸಹೋದರರಿಗೆ ಆದದ್ದು ಗಡಿಯಾರ ನೋಡಿ ಬರೆದಂತೆ ಇದೇ.

ಇದನ್ನು ತಡೆಯಲು ವೈದ್ಯರು ಕ್ಲೋರ್ಡಯಾಝಿಪಾಕ್ಸೈಡ್, ಲೊರಾಝಿಪಾಮ್ ಮುಂತಾದ ಮಾತ್ರೆಗಳನ್ನು ಮೊದಲ ದಿನ ಹೆಚ್ಚು, ಅನಂತರ ದಿನದಿನಕ್ಕೆ ಕಡಿಮೆ ಮಾಡುತ್ತಾ ವಾರ ಅಥವಾ ಹತ್ತು ದಿನಗಳಲ್ಲಿ ನಿಲ್ಲಿಸುತ್ತಾರೆ. ಜೊತೆಗೆ ಥಯಮಿನ್ ಎಂಬ ಜೀವಸತ್ವ ಕೊಡುತ್ತಾರೆ, ಅದರ ಕೊರತೆಯಿಂದ ಕುಡುಕರ ನೆನಪಿನ ಶಕ್ತಿ ಶಾಶ್ವತವಾಗಿ ಹೋಗುವುದುಂಟು. ಈ ದಿನಗಳಲ್ಲಿ ದಿನ ಬಿಟ್ಟು ದಿನ ತೋರಿಸಿ ಬರಬೇಕಾಗಬಹುದು. ಮಾತ್ರೆಗಳು ರೋಗಿಯ ಕೈಯಲ್ಲಿರಬಾರದು. ಪತ್ನಿಯೋ ಅಣ್ಣನೋ ಲೆಕ್ಕ ಹಾಕಿ ಕೊಡಬೇಕು. ಗಾಡಿ ಓಡಿಸಬಾರದು. ಫಿಟ್ಸ್ ಬಂದರೆ, ಇಲ್ಲದ್ದು ಕಾಣಿಸಿದರೆ, ಜ್ವರ ಏರಿದರೆ ಬೆಳಗಾಗುವುದನ್ನು ಕಾಯದೆ ಆಸ್ಪತ್ರೆಗೆ ಹೊರಡಬೇಕು.

ಒಂದು ಅಮಲು ಬಿಡಿಸಲು ಇನ್ನೊಂದು ಅಮಲೇ ಎಂದು ನನ್ನ ಸ್ನೇಹಿತರೇ ಕೇಳಿದ್ದುಂಟು. ಅಳತೆಯಿದ್ದು, ದಿನದಿನಕ್ಕೆ ಇಳಿದು, ಹತ್ತನೆಯ ದಿನ ನಿಂತುಹೋಗುವ ಔಷಧಿಯನ್ನು ಅಮಲಿನ ಸಾಲಿಗೆ ಸೇರಿಸುವುದು ನನಗೆ ನ್ಯಾಯವಾಗಿ ಕಾಣುವುದಿಲ್ಲ. ಸಂಶಯವಿದ್ದವರು ತಮ್ಮ ಆಲಿಮರನ್ನು ಕೇಳಲಿ, ಆದರೆ ಕೇಳುವಾಗ ವೈದ್ಯರ ಚೀಟಿಯನ್ನೂ ತೋರಿಸಲಿ. ಈ ದಿನಗಳು ರಮಝಾನಿನಲ್ಲಿ ಬಂದರೆ, ರೋಗಿಗೆ ಉಪವಾಸವನ್ನು ಬೇರೆ ದಿನಗಳಿಗೆ ಮುಂದೂಡುವ ರಿಯಾಯಿತಿ ಕುರ್‌ಆನಿನಲ್ಲಿಯೇ ಇದೆ. ದಿನವೂ ಕುಡಿಯುವವರು ರಮಝಾನಿಗೆ ಬಿಡಬೇಕೆಂದಿದ್ದರೆ ಶಾಬಾನಿನಲ್ಲಿಯೇ ವೈದ್ಯರನ್ನು ಕಾಣುವುದು ಉತ್ತಮ.

ಹತ್ತು ದಿನದಲ್ಲಿ ದೇಹ ಶುದ್ಧವಾಯಿತು, ಕೆಲಸ ಮುಗಿಯಿತೆಂದು ಬಹಳ ಮಂದಿ ಇಲ್ಲಿಗೇ ನಿಲ್ಲಿಸುತ್ತಾರೆ. ನಿಜವಾದ ಚಿಕಿತ್ಸೆ ಆರಂಭವಾಗುವುದೇ ಇಲ್ಲಿಂದ. ವಾರಕ್ಕೊಮ್ಮೆ, ಬಳಿಕ ತಿಂಗಳಿಗೊಮ್ಮೆ, ಕನಿಷ್ಠ ಒಂದು ವರ್ಷ ಹೋಗಿ ಬರಬೇಕು. ಎಳೆತವನ್ನು ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಎಂಬ ಔಷಧಿಗಳಿವೆ. ಅವುಗಳಿಗಿಂತ ಹೆಚ್ಚಾಗಿ, ಕುಳಿತು ಮಾತಾಡುವ ಸಮಾಲೋಚನೆ ಇದೆ. ಅಲ್ಲಿ ಕೇಳುವುದು ಸಣ್ಣ ಪ್ರಶ್ನೆಗಳು. ಯಾವ ದಿನ, ಯಾರ ಜೊತೆ, ಯಾವ ದಾರಿಯಲ್ಲಿ, ಕೈಯಲ್ಲಿ ಹಣ ಬಂದ ಮೇಲೋ, ಜಗಳವಾದ ಮೇಲೋ? ಮೆಕ್ಕೆಜೋಳ ಮಾರಿ ದಾವಣಗೆರೆಯಿಂದ ಬರುವ ದಿನ ಕಾಲು ತಾನಾಗಿ ಆ ಅಂಗಡಿಯ ಕಡೆ ತಿರುಗುತ್ತದೆ ಎಂದು ಗೊತ್ತಾದರೆ, ಆ ದಿನ ಹಣವನ್ನು ಅಣ್ಣನ ಖಾತೆಗೆ ಹಾಕಿಸಿ ಮಗನ ಜೊತೆ ಬಸ್ಸು ಹತ್ತುವುದು ಎಂದು ತೀರ್ಮಾನವಾಗುತ್ತದೆ. ಎಳೆತ ಎಂಬುದು ಅಲೆಯಂತೆ. ಏರುತ್ತದೆ, ಅರ್ಧ ಗಂಟೆಯೊಳಗೆ ಸಾಮಾನ್ಯವಾಗಿ ಇಳಿಯುತ್ತದೆ. ಆ ಅರ್ಧ ಗಂಟೆ ನೀರು ಕುಡಿದು, ಜಾಗ ಬಿಟ್ಟೆದ್ದು, ಯಾರಿಗಾದರೂ ಫೋನ್ ಮಾಡಿ ಕಳೆಯುವುದನ್ನು ಕಲಿಸುತ್ತಾರೆ. ವುಝೂ ಮಾಡಿ ಎರಡು ರಕಅತ್ ನಮಾಝಿಗೆ ನಿಂತವರಿಗೆ ಆ ಅವಧಿ ಹೇಗೆ ಕಳೆಯಿತೆಂದೇ ತಿಳಿಯುವುದಿಲ್ಲ.

ಗಾಂಜಾಕ್ಕೆ ಪ್ರತ್ಯೇಕ ಔಷಧಿಯಿಲ್ಲ, ಸಮಾಲೋಚನೆಯೇ ಮುಖ್ಯ ಚಿಕಿತ್ಸೆ. ನಿದ್ದೆಮಾತ್ರೆಯನ್ನು ಮದ್ಯದಂತೆಯೇ ಥಟ್ಟನೆ ನಿಲ್ಲಿಸಬಾರದು. ನೋವಿನ ಮಾತ್ರೆ, ಹೆರಾಯಿನ್ ಮುಂತಾದ ಅಫೀಮಿನ ಜಾತಿಯ ವಸ್ತುಗಳಿಗೆ ಬುಪ್ರನಾರ್ಫಿನ್ ಎಂಬ ಔಷಧಿಯನ್ನು ದೀರ್ಘಕಾಲ ಕೊಡುವುದುಂಟು. ಇವರ ಮನೆಯವರು ಒಂದನ್ನು ತಿಳಿದಿರಲೇಬೇಕು: ಕೆಲವು ವಾರ ಬಿಟ್ಟಿದ್ದು ಮತ್ತೆ ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರು ನಿಂತು ಸಾವು ಬರಬಹುದು, ಏಕೆಂದರೆ ದೇಹದ ಒಗ್ಗುವಿಕೆ ಅಷ್ಟರಲ್ಲಿ ಹೋಗಿರುತ್ತದೆ.

ಊಟದಲ್ಲಿ ಬೆರೆಸುವ ಪುಡಿ

ಗೊತ್ತಿಲ್ಲದಂತೆ ಊಟದಲ್ಲಿ ಬೆರೆಸಿ ಕುಡಿತ ಬಿಡಿಸಿ ಎಂಬ ಜಾಹೀರಾತು ಬಸ್‌ ನಿಲ್ದಾಣದ ಗೋಡೆಗಳ ಮೇಲೆ ನೀವೂ ಓದಿರಬಹುದು. ಪತ್ನಿಯರು, ತಾಯಂದಿರು ಬಳೆ ಒತ್ತೆಯಿಟ್ಟು ಇದನ್ನು ತರುತ್ತಾರೆ. ಇಂತಹ ಪುಡಿಯಲ್ಲಿ ಡೈಸಲ್ಫಿರಾಮ್ ಇರಬಹುದು. ಕೋಪನ್‌ಹೇಗನ್ನಿನಲ್ಲಿ 1940ರ ದಶಕದಲ್ಲಿ ಇದರ ಗುಣ ಬೆಳಕಿಗೆ ಬಂತು. ಇದು ದೇಹದಲ್ಲಿರುವಾಗ ಮದ್ಯ ಕುಡಿದರೆ ಮದ್ಯದಿಂದ ಹುಟ್ಟುವ ಒಂದು ವಿಷ ಕರಗದೆ ಉಳಿದು ಮುಖ ಕೆಂಪೇರಿ, ವಾಂತಿಯಾಗಿ, ಎದೆ ಬಡಿದುಕೊಂಡು, ರಕ್ತದೊತ್ತಡ ಕುಸಿಯುತ್ತದೆ. ರೋಗಿಗೆ ತಿಳಿಸಿ, ಅವನ ಒಪ್ಪಿಗೆಯಿಂದ, ಹೃದಯ ಮತ್ತು ಯಕೃತ್ತನ್ನು ಪರೀಕ್ಷಿಸಿ ಕೊಟ್ಟರೆ ಇದು ಒಳ್ಳೆಯ ಔಷಧಿ. ನಾನು ಇವತ್ತು ಮಾತ್ರೆ ನುಂಗಿದ್ದೇನೆ, ಕುಡಿಯುವಂತಿಲ್ಲ ಎಂಬ ಅರಿವೇ ಅವನಿಗೆ ಬೇಲಿ. ಆದರೆ ಅವನಿಗೆ ತಿಳಿಯದೆ ಬೆರೆಸಿದರೆ ಬೇಲಿಯೇ ಇಲ್ಲ, ಹೊಂಡ ಮಾತ್ರ ಇದೆ. ಎಂದಿನಂತೆ ಕುಡಿಯುತ್ತಾನೆ, ಪ್ರಾಣವೇ ಹೋಗಬಹುದು. ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಇದರ ಪ್ರಭಾವ ದೇಹದಲ್ಲಿರುತ್ತದೆ. ದಯವಿಟ್ಟು ಇದನ್ನು ಮಾಡಬೇಡಿರಿ.

ಸರಪಳಿಯೂ ಅಷ್ಟೇ. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರವಾಡಿಯಲ್ಲಿ ಗುಡಿಸಲಿಗೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಕಟ್ಟಿಹಾಕಿದ್ದ ಕಾರಣ ಓಡಲಾಗದೆ 28 ಮಾನಸಿಕ ರೋಗಿಗಳು ಸುಟ್ಟು ಸತ್ತರು. ಅವರನ್ನು ಅಲ್ಲಿಗೆ ತಂದು ಬಿಟ್ಟವರು ದರ್ಗಾದ ಬಳಿ ಗುಣವಾಗಲೆಂದು ನಂಬಿದ ಮನೆಯವರೇ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯಲ್ಲಿ ಮಾನಸಿಕ ರೋಗಿಯನ್ನು ಸರಪಳಿಯಲ್ಲಿ ಬಿಗಿಯುವುದು ನಿಷಿದ್ಧ. ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದ ಬರುವ ಮಾನಸಿಕ ಸ್ಥಿತಿಗಳೂ ಆ ಕಾಯಿದೆಯ ವ್ಯಾಪ್ತಿಗೆ ಬರುತ್ತವೆ.

ಎಲ್ಲಿಗೆ ಹೋಗಬೇಕು?

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1991ರಲ್ಲೇ ವ್ಯಸನ ಮುಕ್ತಿ ಘಟಕ ಆರಂಭವಾಯಿತು. ಆದರೆ ಎಲ್ಲರೂ ಅಲ್ಲಿಗೆ ಹೋಗಬೇಕಾಗಿಲ್ಲ. ಮನಸ್ಸಿನ ರೋಗಕ್ಕೆ ಹಳ್ಳಿಯ ಹತ್ತಿರವೇ ಚಿಕಿತ್ಸೆ ಸಿಗಬೇಕೆಂಬ ಪ್ರಯೋಗ 1980ರ ದಶಕದಲ್ಲಿ ನಡೆದದ್ದು ನಮ್ಮ ಜಗಳೂರು ತಾಲೂಕಿಗೆ ತಾಗಿಕೊಂಡಿದ್ದ ಬಳ್ಳಾರಿ ಜಿಲ್ಲೆಯಲ್ಲಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟು ಚಿಕಿತ್ಸೆ ಕೊಡಿಸಿದ ಆ ಮಾದರಿಯ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು. ನಮ್ಮ ನೆರೆಯ ಜಿಲ್ಲೆಯಿಂದ ದೇಶವೇ ಕಲಿತಿತು, ನಾವು ಮಾತ್ರ ಅದರ ಪ್ರಯೋಜನ ಪಡೆಯುತ್ತಿಲ್ಲ. ಇಂದು ಕರ್ನಾಟಕದಲ್ಲಿ ಮನೋಚೈತನ್ಯ ಯೋಜನೆಯಂತೆ ಮನೋರೋಗ ತಜ್ಞರು ಮಂಗಳವಾರಗಳಂದು ತಾಲೂಕು ಆಸ್ಪತ್ರೆಗಳಿಗೆ ಬರುವ ಏರ್ಪಾಡಿದೆ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನೋ ಆಸ್ಪತ್ರೆಯನ್ನೋ ಕೇಳಿ ತಿಳಿಯಿರಿ. ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಬಿಳಿಚೋಡಿನಿಂದ ಬೆಳಿಗ್ಗೆ ಹೋಗಿ ಸಂಜೆಯೊಳಗೆ ಮರಳಬಹುದು. ಮಾತಾಡಿ ದಾರಿ ಕೇಳಲು ವ್ಯಸನಿಗಳಿಗಾಗಿಯೇ ಇರುವ ಉಚಿತ ರಾಷ್ಟ್ರೀಯ ಸಹಾಯವಾಣಿ 14446. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ ಸಂಖ್ಯೆ 14416, ಅಲ್ಲಿ ಕನ್ನಡದಲ್ಲಿಯೇ ಮಾತಾಡಬಹುದು.

ಮಗ ಗಾಂಜಾ ಸೇದುತ್ತಾನೆಂದು ಆಸ್ಪತ್ರೆಗೆ ಹೇಳಿದರೆ ಪೊಲೀಸರು ಬರುತ್ತಾರೆಂದು ಹೆದರುವವರಿದ್ದಾರೆ. ಮಾದಕ ವಸ್ತುಗಳ ಕುರಿತಾದ 1985ರ ಕಾಯಿದೆಯ 64-ಎ ಕಲಮಿನಲ್ಲಿ, ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣವಿರುವ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆಯುಳ್ಳ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ರಕ್ಷಣೆ ನೀಡಲಾಗಿದೆ. ಚಿಕಿತ್ಸೆಯನ್ನು ಪೂರ್ತಿ ಮಾಡಬೇಕು ಎಂಬುದು ಷರತ್ತು.

ಚಿಕಿತ್ಸೆಗೆ ಬರುವವರು ಎಷ್ಟು ಕಡಿಮೆ ಎಂಬುದಕ್ಕೆ 2019ರಲ್ಲಿ ಪ್ರಕಟವಾದ ಕೇಂದ್ರ ಸರ್ಕಾರದ ಸಮೀಕ್ಷೆಯನ್ನು ನೋಡಿರಿ. ದೇಶದಲ್ಲಿ ಮದ್ಯ ಸೇವಿಸುವವರು ಸುಮಾರು 16 ಕೋಟಿ. ಮದ್ಯಕ್ಕೆ ಅವಲಂಬಿತರಾದವರಲ್ಲಿ 38 ಮಂದಿಗೆ ಒಬ್ಬರು ಮಾತ್ರ ಯಾವುದಾದರೊಂದು ಚಿಕಿತ್ಸೆ ಪಡೆದಿದ್ದಾರೆ. ಆಸ್ಪತ್ರೆಗೆ ದಾಖಲಾಗಿ ಪಡೆದವರು 180ಕ್ಕೆ ಒಬ್ಬರು. ಎಲ್ಲರನ್ನೂ ದಾಖಲು ಮಾಡಿಯೇ ಗುಣಪಡಿಸುವುದಾದರೆ ಹಾಸಿಗೆಗಳು ಎಲ್ಲಿಂದ ಬರಬೇಕು?

ಹೋಗಿ ಬಂದು ಪಡೆಯುವ ಚಿಕಿತ್ಸೆ ಅಗ್ಗದ್ದೆಂದು ಕೀಳಾದದ್ದಲ್ಲ. ಲಂಡನ್ನಿನಲ್ಲಿ 100 ಮಂದಿ ವಿವಾಹಿತ ಕುಡುಕರ ಮೇಲೆ ನಡೆದ, 1977ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅರ್ಧದಷ್ಟು ಮಂದಿಗೆ ಆಸ್ಪತ್ರೆಯ ಸಕಲ ಚಿಕಿತ್ಸೆಯನ್ನೂ ಉಳಿದವರಿಗೆ ಪತ್ನಿಯ ಜೊತೆ ಕೂರಿಸಿ ಒಂದು ಸಲದ ಗಂಭೀರ ಸಲಹೆಯನ್ನೂ ಕೊಟ್ಟರು. ವರ್ಷದ ಬಳಿಕ ನೋಡಿದಾಗ ಎರಡು ಗುಂಪುಗಳಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವಿರಲಿಲ್ಲ. ಚಿಕಿತ್ಸೆಯೇ ಬೇಡವೆಂದು ಇದರ ಅರ್ಥವಲ್ಲ. ಪತ್ನಿಯನ್ನು ಜೊತೆಗೆ ಕೂರಿಸಿದ್ದರು ಎಂಬುದನ್ನು ನಾನು ಗಮನಿಸುತ್ತೇನೆ. ನಮ್ಮ ಪಕ್ಕದ ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಅತಿಯಾಗಿ ಕುಡಿಯುತ್ತಿದ್ದರೂ ತೀವ್ರ ಅವಲಂಬನೆಗೆ ಇನ್ನೂ ತಲುಪದ ಗಂಡಸರಿಗೆ ಸಾಮಾನ್ಯ ಜನರೇ ತರಬೇತಿ ಪಡೆದು ಹೆಚ್ಚೆಂದರೆ ನಾಲ್ಕು ಸಲ ಸಮಾಲೋಚನೆ ನಡೆಸಿದರು. 2017ರಲ್ಲಿ ಪ್ರಕಟವಾದ ವರದಿಯಂತೆ, ಮೂರು ತಿಂಗಳ ಬಳಿಕ ಆ ಹಾನಿಕರ ಕುಡಿತದಿಂದ ಹೊರಬಂದವರು ನೂರಕ್ಕೆ 36, ಸಮಾಲೋಚನೆ ಸಿಗದವರಲ್ಲಿ 26. ಲೆಕ್ಕ ದೊಡ್ಡದಲ್ಲ. ಆದರೆ ಆ ಹತ್ತು ಮನೆಗಳವರನ್ನು ಕೇಳಿ ನೋಡಿರಿ.

ಮತ್ತೆ ಬಿದ್ದರೆ

ಬೀಳುತ್ತಾರೆ. ಮೊದಲ ಮೂರು ತಿಂಗಳಲ್ಲೇ ಬಹಳ ಮಂದಿ ಒಮ್ಮೆಯಾದರೂ ಜಾರುತ್ತಾರೆ. ಸಕ್ಕರೆ ಕಾಯಿಲೆಯವರ ಸಕ್ಕರೆ ಏರಿದಾಗ ನಾವು ವೈದ್ಯರ ಬಳಿ ಓಡುತ್ತೇವೆ, ಇವರು ಜಾರಿದಾಗ ವೈದ್ಯರನ್ನು ಬಿಡುತ್ತೇವೆ. ಬಿಳಿಚೋಡಿನ ಆ ಸಹೋದರರೂ ಎರಡು ಸಲ ಜಾರಿದರು. ಎರಡನೆಯ ಸಲ, ಬಕ್ರೀದಿನ ಮರುದಿನ, ನಾಚಿಕೆಯಿಂದ ಹೊಲದ ಶೆಡ್ಡಿನಲ್ಲಿ ಮಲಗಿದ್ದರು. ಅವರ ಪತ್ನಿ ಊಟ ತೆಗೆದುಕೊಂಡು ಹೋಗಿ, ಮಂಗಳವಾರ ಹೋಗೋಣ ಎಂದಷ್ಟೇ ಹೇಳಿದರಂತೆ. ಮೊದಲಾದರೆ ನಾನು ಅಲ್ಲಿಗೆ ಹೋಗಿ ನರಕದ ವಿವರ ಹೇಳುತ್ತಿದ್ದೆನೇನೋ. ಈ ಸಲ ಅವರ ಜೊತೆ ಬಸ್ಸಿನಲ್ಲಿ ಕುಳಿತು ಬಂದೆ.

ಮೊದಲ ಸಲ ಹೋಗುವವರು ಹಿಂದಿನ ಆಸ್ಪತ್ರೆಯ ಚೀಟಿಗಳನ್ನು, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳನ್ನು, ನಾಟಿ ಔಷಧಿಯಿದ್ದರೆ ಅದನ್ನೂ ಚೀಲದಲ್ಲಿ ಹಾಕಿಕೊಳ್ಳಿರಿ. ದಿನಕ್ಕೆ ಎಷ್ಟು ಎಂಬುದನ್ನು ನಾಚಿಕೆಯಿಂದ ಕಡಿಮೆ ಹೇಳಬೇಡಿರಿ, ಮಾತ್ರೆಯ ಪ್ರಮಾಣ ಅದರ ಮೇಲೆಯೇ ನಿಂತಿದೆ. ಹೋಗುವ ದಿನದವರೆಗೆ, ದಿನವೂ ಕುಡಿಯುವವರನ್ನು ಮನೆಯಲ್ಲಿ ಕೂಡಿಹಾಕಿ ಥಟ್ಟನೆ ಬಿಡಿಸುವ ಸಾಹಸ ಮಾಡಬೇಡಿರಿ. ಬದಲು ಹೋಗುವ ದಿನವನ್ನೇ ಹತ್ತಿರ ತನ್ನಿರಿ. ಮಾತ್ರೆ ಯಾರ ಕೈಯಲ್ಲಿರುತ್ತದೆಂದು ವೈದ್ಯರು ಕೇಳುತ್ತಾರೆ, ಆ ಒಬ್ಬರು ಜೊತೆಗಿರಲಿ. ಬೆಳಿಗ್ಗೆ ಬೇಗ ಹೋಗಿ ಹೊರರೋಗಿ ವಿಭಾಗದಲ್ಲಿ ಚೀಟಿ ಮಾಡಿಸಿರಿ.